ಕೂಸಿಗೆ ಎರೆಯುವ ಕಾಲು

ಜುಲೈ 8, ಮಂಗಳವಾರ. ಬೆಳಿಗ್ಗೆ

ಚಹಾ ನಿಂತೇ ಕುಡಿದೆ. ಪೇಪರು ನಿಂತೇ ಓದಿದೆ. ಇದನ್ನೂ ನಿಂತೇ ಬರೆಯುತ್ತಿದ್ದೇನೆ — ವಾಷಿಂಗ್ ಮಷಿನ್ ಮೇಲೆ ಡೈರಿ ಇಟ್ಟುಕೊಂಡು. ಕೂತರೆ ಎಡಗಡೆ ಪಿರ್ರೆಯಿಂದ ಹಿಮ್ಮಡಿಯವರೆಗೆ ಕರೆಂಟು ಹೊಡೆದ ಹಾಗೆ. ಮಲಗಿದರೆ ಹೊರಳಲು ಬರುವುದಿಲ್ಲ. ನಿಂತಾಗ ಮಾತ್ರ ಸ್ವಲ್ಪ ಮನುಷ್ಯಳಾಗಿರುತ್ತೇನೆ.

ಇವರಿಗೆ ಇನ್ನೂ ಹೇಳಿಲ್ಲ. "ಯಾಕ ನಿಂತೀ ಇಂದೂ, ಕೂಡಬಾರದೇನು?" ಎಂದರು. "ದಿನಾ ಕೂತು ಕೂತು ನೀವು ಗಳಿಸಿದ್ದೇನದ? ನಾ ಒಂದೀಟು ನಿಂತು ನೋಡ್ತೀನಿ" ಎಂದೆ. ಬ್ಯಾಂಕಿನಲ್ಲಿ ಎಲ್ಲರ ಬಾಯಿ ಮುಚ್ಚಿಸಿ ರಿಟೈರಾದ ಬಿಂದುಮಾಧವರಾಯರು ಮನೆಯಲ್ಲಿ ಇಷ್ಟಕ್ಕೇ ಸುಮ್ಮನಾಗುತ್ತಾರೆ.

ಕಾರಣ ನನಗೆ ಗೊತ್ತು. ಹಂಡೆ. ನಮ್ಮಮ್ಮನ ತಾಮ್ರದ ಹಂಡೆ. ಧಾರವಾಡದಿಂದ ತಂದದ್ದು, ಪುಣೆಯ ವಾಕಡದ ಈ ಒಂಬತ್ತನೆಯ ಮಹಡಿಯಲ್ಲಿ ಅಟ್ಟ ಹತ್ತಿ ಕೂತಿತ್ತು. ಪೂರ್ವಾಳ ಹೆರಿಗೆ ಅಕ್ಟೋಬರಿನಲ್ಲಿ. ಮೊದಲ ಬಾಣಂತನ, ಮಗಳು ತವರಿಗೇ ಬರಬೇಕು. ಕೂಸಿನ ಜಳಕಕ್ಕೆ ಹಂಡೆಯ ನೀರೇ ಆಗಬೇಕೆಂದು ನಾನೇ ಸ್ಟೂಲು ಹತ್ತಿ ಇಳಿಸಿದೆ. ಮನೆಯಲ್ಲಿ ಒಲೆಯೇ ಇಲ್ಲ. ಗೀಸರಿನ ನೀರನ್ನು ಹಂಡೆಗೆ ತುಂಬಿ, ಹಂಡೆಯಿಂದ ತಂಬಿಗೆಗೆ... ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅನ್ನುತ್ತಾರೆ. ನಾನು ಹಂಡೆ ಇಳಿಸಿದೆ. ಸೊಂಟದಲ್ಲಿ ಏನೋ ಕಳಕ್ ಎಂದಿತು.

ಕೂಸಿಗೆ ನಾನೇ ಎರೆಯಬೇಕು. ಬಚ್ಚಲಲ್ಲಿ ಕಾಲು ನೀಡಿ ಕೂತು, ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ. ಪೂರ್ವಾಳಿಗೆ ನಮ್ಮಮ್ಮ ಎರೆದ ಹಾಗೆ. ಬೇರೆ ಏನೂ ಬೇಡ ನನಗೆ. ಆದರೆ ಈಗ ಕಾಲು ನೀಡಿದರೇ ಪ್ರಾಣ ಹೋಗುತ್ತದೆ.

ಜುಲೈ 11, ಶುಕ್ರವಾರ

ಮಾನ ಹೋಯಿತು.

ನಾನು ಕಾಲು ಮುಂದಾಗಿ ಹುಟ್ಟಿದವಳು. ಅಂಥವರ ಕಾಲು ತಾಕಿಸಿದರೆ ಹಿಡಿದ ಬೆನ್ನು ಬಿಡುತ್ತದೆ ಎಂದು ನಮ್ಮ ಕಡೆಯೂ ನಂಬುತ್ತಾರೆ, ಇಲ್ಲಿ ಮರಾಠಿಯವರೂ ನಂಬುತ್ತಾರೆ. ಈ ಬಿಲ್ಡಿಂಗಿಗೆ ಬಂದಾಗಿನಿಂದ ಎಷ್ಟು ಬೆನ್ನುಗಳಿಗೆ ಎಡಗಾಲು ತಾಕಿಸಿದ್ದೇನೋ. ನನ್ನಿಂದ ಬಿಟ್ಟಿತೋ, ತಾನೇ ಬಿಟ್ಟಿತೋ — ಕೇಳಲು ಹೋಗಿಲ್ಲ. ಲಿಫ್ಟಿನಲ್ಲಿ ಜನ ಜಾಗ ಬಿಟ್ಟುಕೊಡುತ್ತಾರೆ. ಅದು ನನಗೆ ಭಾಳ ಇಷ್ಟ, ಸುಳ್ಳು ಯಾಕೆ.

ಇವತ್ತು ಎದುರು ಮನೆಯ ಕುಶಲ ಬಂದ. ಬೆಳಗಾವಿಯ ಹುಡುಗ, ಹಿಂಜವಡಿಯಲ್ಲಿ ಕಂಪ್ಯೂಟರ್ ಮುಂದೆ ಬಗ್ಗಿ ಬಗ್ಗಿ ಬೆನ್ನು ಹಿಡಿಸಿಕೊಂಡಿದ್ದ. "ಕಾಕೂ, ಚಳಕು ಹಿಡದದ. ಒಂದಿಷ್ಟು ಕಾಲು ಹಚ್ರಿ" ಎಂದು ನಡುಮನೆಯಲ್ಲಿ ಬೋರಲು ಮಲಗಿಯೇಬಿಟ್ಟ. ಒಲ್ಲೆ ಅನ್ನಲು ಬಾಯಿ ಬರಲಿಲ್ಲ. ಎಡಗಾಲು ಎತ್ತಿದೆ. ಹಿಮ್ಮಡಿಯಿಂದ ಸೊಂಟದವರೆಗೆ ಬೆಂಕಿ. "ಅಯ್ಯೋ ಅಮ್ಮಾ!" ಎಂದು ಕಿರುಚಿ ಧೊಪ್ಪನೆ ಅವನ ಪಕ್ಕಕ್ಕೇ ಬಿದ್ದೆ. ಕುಶಲ ಹಾರಿ ಎದ್ದು ನಿಂತ. ಹೆದರಿಕೆಗೆ ಅವನ ಚಳಕು ಬಿಟ್ಟೇ ಹೋಯಿತು! ನನ್ನದು ದುಪ್ಪಟ್ಟಾಯಿತು.

ಇವರು ಓಡಿ ಬಂದು ಎಬ್ಬಿಸಿದರು. "ಎಷ್ಟು ದಿನದಿಂದ ಹಿಂಗದ?" ಎಂದರು. ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಜುಲೈ 14, ಸೋಮವಾರ

ಎಲುಬಿನ ಡಾಕ್ಟರು. ಎಂ.ಆರ್.ಐ. ಸಯಾಟಿಕಾ ಎಂದರು. ಬೆನ್ನಿನ ಮಣಿಗಳ ನಡುವಿನ ಗಾದಿಯೊಂದು ಸ್ವಲ್ಪ ಉಬ್ಬಿದೆ, ಅದರ ಮೇಲೆ ಸ್ನಾಯುಗಳು ಗಟ್ಟಿಯಾಗಿ ನರವನ್ನು ಹಿಡಿದಿವೆ. ಆಪರೇಷನ್ ಬೇಡ. ಗುಳಿಗೆ, ನಡಿಗೆ, ವ್ಯಾಯಾಮ. ಮಾಲೀಶು ಮಾಡಿಸಲೇ ಎಂದು ಕೇಳಿದೆ. ಮಾಡಿಸಿ, ಉಬ್ಬಿದ್ದು ಒಳಗೆ ಹೋಗುವುದಿಲ್ಲ, ಆದರೆ ಬಿಗಿ ಸಡಿಲಾಗುತ್ತದೆ. ಕಲಿತವರ ಕೈಯಿಂದಲೇ ಆಗಲಿ ಎಂದು ಒಂದು ಹೆಸರು ಬರೆದುಕೊಟ್ಟರು. ಆಮೇಲೆ, "ಬೆನ್ನ ಮೇಲೆ ಯಾರಿಂದಲೂ ತುಳಿಸಿಕೊಳ್ಳಬೇಡಿ. ಜನ ಏನೇನೋ ಮಾಡ್ತಾರೆ" ಎಂದು ಮರಾಠಿಯಲ್ಲಿ ನಕ್ಕರು.

ಇವರು ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ಎಲುಬಿನ ಚಿತ್ರ ನೋಡಿದೆ.

ಜುಲೈ 17, ಗುರುವಾರ

ಹೆಸರು ಶೈಲಾ. ಬೈಲಹೊಂಗಲದವಳು, ಇಲ್ಲಿ ಫಿಜಿಯೋ ಕಲಿತು ಮಾಲೀಶಿನ ಕೋರ್ಸೂ ಮಾಡಿದ್ದಾಳೆ. ನನ್ನ ಕನ್ನಡ ಕೇಳಿದ್ದೇ ತಡ, ಮರಾಠಿ ಬಿಟ್ಟಳು. ಮೊದಲು ಪ್ರಶ್ನೆ. ಪಾದ ಎಳೆಯುತ್ತದೆಯೇ, ಕಾಲು ಬಲ ಕಳೆದುಕೊಂಡಿದೆಯೇ, ಒಂದಕ್ಕೆ ಎರಡಕ್ಕೆ ಹಿಡಿತವಿದೆಯೇ. "ಅಂಥಾದ್ದೇನರೆ ಆತಂದ್ರ ನನ್ನ ಕಡೆ ಬರಬ್ಯಾಡ್ರಿ. ಸೀದಾ ಡಾಕ್ಟರ ಕಡೆ ಓಡ್ರಿ."

ಆಮೇಲೆ ಬೋರಲು ಮಲಗಿಸಿದಳು. ಹೊಟ್ಟೆಯ ಕೆಳಗೆ ದಿಂಬು. ಐವತ್ತೆಂಟು ವರ್ಷದ ಹೆಂಗಸು, ಗುರುತಿಲ್ಲದವಳ ಮುಂದೆ ಸೀರೆ ಸಡಿಲಿಸಿಕೊಂಡು... ನಾಚಿಕೆಯಿಂದ ಹಿಡಿಯಾದೆ. ಅವಳಿಗೆ ಕೈಗೇ ಗೊತ್ತಾಯಿತು. "ಕಾಕೂ, ನಾಚಿಕೊಂಡ್ರ ಸ್ನಾಯು ಇನ್ನೂ ಬಿಗೀತಾವ. ನಾಚಿಕಿ ಹೊರಗ ಚಪ್ಪಲಿ ಜೋಡಿ ಬಿಟ್ಟು ಬರಬೇಕ್ರಿ."

ಬಿಸಿ ಎಳ್ಳೆಣ್ಣೆ. ನನಗೆ ನೋವಿರುವುದು ಮೀನಖಂಡದಲ್ಲಿ. ಅವಳು ಕೈ ಹಾಕಿದ್ದು ಪಿರ್ರೆಯ ಒಳಗಿನ ಒಂದು ಗಂಟಿಗೆ. "ನೋವು ಇಲ್ಲಿ ಅಲ್ಲವಾ, ಕೆಳಗದ" ಎಂದೆ. "ಗುಡಿ ಗಂಟಿ ಅಲ್ಲಿ ಹೊಡೀತದ್ರಿ, ಹಗ್ಗ ಇಲ್ಲಿ ಅದ" ಎಂದಳು. ಮೊಣಕೈ ಇಟ್ಟು ಮೆಲ್ಲಗೆ ಒತ್ತಿ, ಸುಮ್ಮನೆ ಕಾಯುತ್ತಾಳೆ. ಉಸಿರು ಬಿಡಿ ಅನ್ನುತ್ತಾಳೆ. ಮತ್ತೆ ಕಾಯುತ್ತಾಳೆ. ಎಲ್ಲೋ ಒಂದು ಹೊತ್ತಿನಲ್ಲಿ ಆ ಗಂಟು ಕರಗಿತು. ನಿಜವಾಗಿ ಕರಗಿತು, ಬಿಸಿ ಅನ್ನದ ಮೇಲಿನ ತುಪ್ಪದ ಹಾಗೆ.

ಅತ್ತುಬಿಟ್ಟೆ. ನೋವಿಗಲ್ಲ. ಪೂರ್ವಾ ಹುಟ್ಟಿದಾಗ ಬಾಣಂತನದಲ್ಲಿ ನಮ್ಮಮ್ಮ ಎಣ್ಣೆ ಹಚ್ಚಿ ಬೆನ್ನು ತಿಕ್ಕಿದ್ದಳು. ಆಮೇಲೆ ನನ್ನ ಬೆನ್ನನ್ನು ಯಾರೂ ಹೀಗೆ ಮುಟ್ಟಿರಲಿಲ್ಲ. ಅದು ಇವತ್ತೇ ಗೊತ್ತಾಯಿತು.

"ನೋಯ್ತೇನ್ರಿ?"

"ಇಲ್ಲವಾ. ಮಾಡು."

ಮನೆಗೆ ಬಂದು ಕುರ್ಚಿಯ ಮೇಲೆ ಕೂತು ಊಟ ಮಾಡಿದೆ. ಅನ್ನ ಸಾರು ಮುಗಿಯುವವರೆಗೆ. ಮಜ್ಜಿಗೆಗೆ ಮತ್ತೆ ಏಳಬೇಕಾಯಿತು. ಇರಲಿ.

ಜುಲೈ 25, ಶುಕ್ರವಾರ

ನಿನ್ನೆ ಶೈಲಾ ಇವರನ್ನೂ ಒಳಗೆ ಕರೆದು ಕಲಿಸಿದಳು. ಅವಳ ಕಡೆ ಹೋಗದ ದಿನ ಮನೆಯಲ್ಲಿ ಇವರು ಹಗುರವಾಗಿ ಎಣ್ಣೆ ಹಚ್ಚಬೇಕಂತೆ. "ಬೆನ್ನೆಲುಬಿನ ಮ್ಯಾಲ ಅಲ್ಲರಿ ಕಾಕಾ, ಬಾಜೂಕ."

ಇವರು ಎಣ್ಣೆ ಹಚ್ಚುವುದು ಸಾಲದ ಕಾಗದಕ್ಕೆ ಸಹಿ ಹಾಕಿದ ಹಾಗೆ. ಒಮ್ಮೆ ನೋಡುತ್ತಾರೆ, ಕನ್ನಡಕ ಸರಿ ಮಾಡಿಕೊಳ್ಳುತ್ತಾರೆ, ಮತ್ತೊಮ್ಮೆ ನೋಡುತ್ತಾರೆ, ಆಮೇಲೆ ಒಂದು ಬೆರಳು. "ನಾ ಏನ್ ಕಚ್ಚತೀನೇನು?" ಎಂದೆ. "ಯಾವಾಗ ಕಚ್ಚೀಲ್ಲ?" ಎಂದರು. ನಕ್ಕೆ. ನಕ್ಕರೆ ನೋಯಲಿಲ್ಲ! ಅದನ್ನೇ ಬರೆಯಬೇಕೆಂದು ಡೈರಿ ತೆಗೆದೆ.

ಆಗಸ್ಟ್ 12, ಮಂಗಳವಾರ

ಅಂಗಾತ ಮಲಗಿ ಎಡಗಾಲನ್ನು ನೆಟ್ಟಗೆ ಎತ್ತುವುದು — ಶೈಲಾಳ ಪರೀಕ್ಷೆ. ಮನೆಯಲ್ಲಿ ಕಪಾಟಿನ ಪಕ್ಕ ಮಲಗಿ ಎತ್ತುತ್ತೇನೆ. ಮೊದಲು ಕೆಳಗಿನ ಡ್ರಾಯರಿನ ಹಿಡಿಕೆಗೂ ಬರುತ್ತಿರಲಿಲ್ಲ. ಈಗ ನಡುವಿನ ಡ್ರಾಯರು. ಮೇಲಿನದಕ್ಕೆ ಬಂದರೆ ಕಾಲು ನೀಡಿ ಕೂರಬಹುದಂತೆ.

ಪೂರ್ವಾ ಮಗರಪಟ್ಟಾದಿಂದ ಬಂದಿದ್ದಳು. ಹೊಟ್ಟೆ ಮುಂದೆ ಬಂದಿದೆ, ಕೆನ್ನೆ ತುಂಬಿದೆ. ನನ್ನ ಕಾಲಿನ ಸರ್ಕಸ್ಸು ನೋಡಿ ಕೈ ಹಿಡಿದು ಕೂತಳು. "ಅಮ್ಮಾ, ಸಿಟ್ಟಾಗಬ್ಯಾಡ. ರಾಜೀವ ಒಬ್ಬಾಕಿ ಮಾಲೀಶಿನ ಬಾಯಿನ್ನ ಗೊತ್ತು ಮಾಡ್ಯಾರ. ಗೌರಾಬಾಯಿ ಅಂತ. ಕೂಸಿಗೆ ಆಕಿ ಎರೀಲಿ."

"ಯಾಕ? ನಾ ಸತ್ತೇನೇನು?"

"ಕಾಲ ಮ್ಯಾಲ ಕೂಸು ಇದ್ದಾಗ ನಿನಗ ಕರೆಂಟು ಹೊಡದ್ರ? ಕೈ ಜಾರಿದ್ರ?"

ನನ್ನ ಅಳಿಯ ಒಳ್ಳೆಯವನೇ. ಆದರೆ ಹೆಂಡತಿಯ ತವರಿನ ಬಚ್ಚಲಿಗೂ ವ್ಯವಸ್ಥೆ ಮಾಡುವಷ್ಟು ಒಳ್ಳೆಯವನಾಗಬೇಕಿರಲಿಲ್ಲ. ಕೈ ಜಾರುವುದಿಲ್ಲ ಎಂದು ಹೇಳಿ ಕಳಿಸಿದೆ. ತೋರಿಸುತ್ತೇನೆ.

ಆಗಸ್ಟ್ 24, ಭಾನುವಾರ. ಮಧ್ಯಾಹ್ನ

ಇವರು ಗಣಪತಿ ಬುಕ್ ಮಾಡಲು ಹೋಗಿದ್ದರು. ಮನೆಯಲ್ಲಿ ನಾನೊಬ್ಬಳೇ. ಜೋಳದ ಹಿಟ್ಟಿನ ದೊಡ್ಡ ಪಾಕೀಟು ತೆಗೆದೆ. ಟವಲಿನಲ್ಲಿ ಸುತ್ತಿದೆ. ಬಚ್ಚಲಿನ ಫರಸಿಯ ಮೇಲೆ ಕಾಲು ನೀಡಿ ಕೂತೆ, ಪಾಕೀಟನ್ನು ಕಾಲ ಮೇಲೆ ಮಲಗಿಸಿದೆ. ಎಣ್ಣೆ ಹಚ್ಚುವ ಹಾಗೆ ಬಗ್ಗಿದೆ. ಕೈ ಚಾಚಿ ಹಂಡೆಯಿಂದ ಒಂದು ತಂಬಿಗೆ...

ಹೊಡೆಯಿತು. ಮೊದಲಿನ ದಿನದ ಹಾಗೆ. ಕಾಲು ನನ್ನ ಮಾತು ಕೇಳದೆ ಒದ್ದಿತು. ಪಾಕೀಟು ಉರುಳಿ ನಲ್ಲಿಯ ಕಟ್ಟೆಗೆ ಬಡಿದು ಒಡೆಯಿತು.

ಹಿಟ್ಟು ಬಚ್ಚಲೆಲ್ಲ. ಟವಲು ಖಾಲಿ.

ಎಷ್ಟು ಹೊತ್ತು ಹಾಗೇ ಕೂತಿದ್ದೆನೋ. ಇವರು ಬಂದು ಬಾಗಿಲಲ್ಲಿ ನಿಂತರು. ಹಿಟ್ಟು ನೋಡಿದರು, ಟವಲು ನೋಡಿದರು. ಎಲ್ಲ ತಿಳಿಯಿತು ಅವರಿಗೆ. ಹೋಗಿ ಕಸಬರಿಗೆ ತಂದರು.

ಸೆಪ್ಟೆಂಬರ್ 6, ಶನಿವಾರ

ಬರೆದಿರಲಿಲ್ಲ. ಗಣಪತಿ ಬಂದ, ಇವತ್ತು ಹೋಗುತ್ತಿದ್ದಾನೆ. ಕೆಳಗೆ ಢೋಲು. ಶೈಲಾಳ ಕಡೆ ಹೋಗುವುದನ್ನೂ ಬಿಟ್ಟಿದ್ದೆ. ಪೂರ್ವಾಳಿಗೆ ಫೋನಿನಲ್ಲಿ ಹೇಳಿದ್ದು ಒಂದೇ ಮಾತು — ಗೌರಾಬಾಯಿನ್ನ ಕರಸ್ಕೋ. ಅವಳು ಯಾಕೆಂದು ಕೇಳಲಿಲ್ಲ. ಅಪ್ಪ ಹೇಳಿರಬೇಕು.

ಇವತ್ತು ಅವಳದೇ ಫೋನು. ಸ್ಕ್ಯಾನ್ ಆಯಿತು. ಕೂಸು ತಿರುಗಿಲ್ಲ. ಕಾಲು ಕೆಳಗೆ, ತಲೆ ಮೇಲೆ. ಹೀಗೇ ಇದ್ದರೆ ಸಿಝೇರಿಯನ್. "ನಿನ್ನಂಗ, ಅಮ್ಮಾ" ಎಂದು ನಗಲು ನೋಡಿದಳು.

ನನ್ನನ್ನು ಹೆರುವಾಗ ನಮ್ಮಮ್ಮ ಸತ್ತು ಬದುಕಿದಳಂತೆ. ನನ್ನ ಕಾಲಿನ ಮಹಿಮೆ ಎಲ್ಲರೂ ಹೇಳುತ್ತಾರೆ, ಅದನ್ನು ಯಾರೂ ಹೇಳುವುದಿಲ್ಲ. "ಹೆದರಬ್ಯಾಡ, ಈಗಿನ ಡಾಕ್ಟರು ಶಾಣ್ಯಾ ಇದ್ದಾರ. ನಾ ಇದ್ದೀನಿ" ಎಂದೆ ಪೂರ್ವಾಳಿಗೆ. ಫೋನಿಟ್ಟ ಮೇಲೆ ಯೋಚಿಸಿದೆ. ನಾನು ಇದ್ದೀನಿ ಅಂದರೆ ಏನು? ವಾಷಿಂಗ್ ಮಷಿನ್ ಮುಂದೆ ನಿಂತಿರುವುದೇ? ಹೊಟ್ಟೆ ಕೊಯ್ಸಿಕೊಂಡ ಮಗಳು ಬಗ್ಗಲಾರಳು, ಏಳಲಾರಳು. ಎರೆಯುವುದಿರಲಿ, ಕೂಸನ್ನು ಎತ್ತಿ ಅವಳ ಕೈಗೆ ಕೊಡುವಷ್ಟಾದರೂ ಬೆನ್ನು ಬೇಕು.

ಶೈಲಾಳಿಗೆ ಫೋನು ಮಾಡಿದೆ.

ಸೆಪ್ಟೆಂಬರ್ 9, ಮಂಗಳವಾರ

ಹಿಟ್ಟಿನ ಕಥೆ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಗಂಭೀರವಾಗಿ ಕೇಳಿದಳು.

"ಮೊದಲ ನಡದಾಡಿ ಮೈ ಬಿಸಿ ಮಾಡ್ಕೊಂಡಿದ್ರೇನು? ಇಲ್ಲ. ತಣ್ಣನ ಫರಸಿ ಮ್ಯಾಲ ಕೂತ್ರಿ. ಬೆನ್ನಿಗೆ ಆಸರ? ಇಲ್ಲ. ಮೊಣಕಾಲ? ಸೆಟದು ಇಟ್ರಿ. ಕೈ ಚಾಚಿ ಹಂಡೇದಾಗಿನ ನೀರು ತಗೊಂಡ್ರಿ. ಕಾಕೂ, ಇದರಾಗ ನಾ ಕೂತ್ರ ನನಗೂ ಹಿಡೀತದ."

"ನಮ್ಮಮ್ಮ ಹಂಗ ಕೂಡತಿದ್ಲವಾ."

"ನಿಮ್ಮಮ್ಮಗ ಅವಾಗ ಎಷ್ಟು ವಯಸ್ಸು?"

ಲೆಕ್ಕ ಹಾಕಿದೆ. ಪೂರ್ವಾ ಹುಟ್ಟಿದಾಗ ನಮ್ಮಮ್ಮ ಐವತ್ತೂ ದಾಟಿರಲಿಲ್ಲ.

ತಗ್ಗು ಮಣೆ, ಗೋಡೆಗೆ ಬೆನ್ನು, ಮೊಣಕಾಲ ಕೆಳಗೆ ಸುತ್ತಿದ ಟವಲು. ನೀರು ಮತ್ತೊಬ್ಬರು ಹಾಕಬೇಕು, ನಾನು ಕೈ ಚಾಚಬಾರದು. ಇಷ್ಟು ಹೇಳಿ ಮೊಣಕೈ ಇಟ್ಟಳು. ಗಂಟು ಮತ್ತೆ ಕಲ್ಲಾಗಿತ್ತು. ಬಿಡಲು ಬಹಳ ಹೊತ್ತು ಹಿಡಿಯಿತು. ಆದರೆ ಬಿಟ್ಟಿತು.

ಆತುರಗಾರನಿಗೆ ಬುದ್ಧಿ ಮಟ್ಟ. ನನಗೇ ಹೇಳಿಕೊಂಡೆ.

ಸೆಪ್ಟೆಂಬರ್ 22, ಸೋಮವಾರ

ಮೇಲಿನ ಡ್ರಾಯರು!! ಹಿಡಿಕೆಗೆ ಹೆಬ್ಬೆರಳು ತಾಕಿತು. ಇವರನ್ನು ಕರೆದು ತೋರಿಸಿದೆ. ಚಪ್ಪಾಳೆ ಹೊಡೆದರು, ಹುಚ್ಚರ ಹಾಗೆ.

ಘಟಸ್ಥಾಪನೆ ಇವತ್ತು. ನೈವೇದ್ಯ ಮುಗಿಸಿ ಮತ್ತೆ ಹೊಸ ಪಾಕೀಟು, ಮತ್ತೆ ಟವಲು. ಶೈಲಾ ಹೇಳಿದಂತೆ ಮಣೆ, ಗೋಡೆ. ಇವರು ತಂಬಿಗೆ ಹಿಡಿದು ನಿಂತರು. ಹಿಟ್ಟಿನ ಕೂಸಿಗೆ ಬರೀ ಗಾಳಿಯ ನೀರು. ಎಣ್ಣೆ ತಿಕ್ಕಿದೆ, ಮಗುಚಿದೆ, ಎತ್ತಿ ಕೊಟ್ಟೆ. ಸಣ್ಣಗೆ ಎಳೆಯಿತು, ಅಷ್ಟೇ. ಹೊಡೆಯಲಿಲ್ಲ.

"ಈ ಮನ್ಯಾಗ ಹಿಟ್ಟಿಗೆ ದಿನಾ ಜಳಕ, ನನಗ ಭಕ್ಕರಿ ಇಲ್ಲ" ಎಂದರು. ಸಂಜೆ ಕೂಸನ್ನೇ ಬಡಿದು ಭಕ್ಕರಿ ಮಾಡಿ ಹಾಕಿದೆ.

ಆದರೂ ಹಿಟ್ಟು ಒದೆಯುವುದಿಲ್ಲ. ಕೂಸು ಒದೆಯುತ್ತದೆ. ಆ ಹೆದರಿಕೆ ಹೋಗಿಲ್ಲ.

ಅಕ್ಟೋಬರ್ 3, ಶುಕ್ರವಾರ. ಆಸ್ಪತ್ರೆ

ಹೆಣ್ಣು.

ಬೆಳಿಗ್ಗೆ ಸಿಝೇರಿಯನ್. ಪೂರ್ವಾ ಆರಾಮ. ಕೂಸು ಆರಾಮ. ಕಾಲೇ ಮೊದಲು ಬಂತು ಎಂದು ಡಾಕ್ಟರು ನಗುತ್ತ ಹೇಳಿದರು. ನಿನ್ನೆ ದಸರೆ, ಇವತ್ತು ಇವಳು. ಹೆಣ್ಣಾದರೆ ಅಂಬಾ ಎಂದೇ ಕರೆಯುವುದೆಂದು ಪೂರ್ವಾ, ರಾಜೀವ ಇಬ್ಬರೂ ಮೊದಲೇ ಠರಾಯಿಸಿದ್ದರಂತೆ.

ಪಾದ ನೋಡಿದೆ. ನನ್ನ ಹೆಬ್ಬೆರಳಿನಷ್ಟು. ಆಸ್ಪತ್ರೆಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತೇ ಬರೆಯುತ್ತಿದ್ದೇನೆ. ಕೂತಿದ್ದೇನೆ ಎಂದು ಈಗ ಗಮನಕ್ಕೆ ಬಂತು.

ಅಕ್ಟೋಬರ್ 12, ಭಾನುವಾರ

ಪೂರ್ವಾ, ಅಂಬಾ ಮನೆಯಲ್ಲಿ. ಕೂಸಿಗೆ ಇನ್ನೂ ಒರೆಸುವುದಷ್ಟೇ, ಹೊಕ್ಕಳು ಉದುರಲಿ ಎಂದಿದ್ದಾರೆ ಡಾಕ್ಟರು. ಗೌರಾಬಾಯಿ ಬರುತ್ತಾಳೆ, ಪೂರ್ವಾಳ ಕೈಕಾಲು ತಿಕ್ಕಿ ಹೋಗುತ್ತಾಳೆ. ಶಿರೂರಿನ ಕಡೆಯವಳು. ದಪ್ಪ ದನಿ, ಮೆತ್ತನೆ ಕೈ. ಸಿಟ್ಟು ಮಾಡಿಕೊಳ್ಳಬೇಕೆಂದು ತಯಾರಾಗಿದ್ದೆ, ಆಗಲಿಲ್ಲ. ಚಹಾಕ್ಕೆ ಶುಂಠಿ ಹಾಕಿ ಕೊಡುತ್ತೇನೆ ಈಗ.

ಕುಶಲ ಬಂದಿದ್ದ, ಮತ್ತೆ ಬೆನ್ನು ಹಿಡಿದುಕೊಂಡು. ತೊಟ್ಟಿಲು ನೋಡಿದ. "ಕಾಕೂ, ಹೊಸಾ ಡಾಕ್ಟರಬಾಯಿ ಬಂದಾರಂತ? ಅವರ ಕಾಲರೆ ಹಚ್ಚಸ್ರಿ."

"ಆಕೀ ಕಾಲು ಆಕೀಗೇ ಇರಲಿ. ಬಿಲ್ಡಿಂಗಿನ ಬೆನ್ನೆಲ್ಲಾ ಆಕಿ ಹೊರೂದು ಬ್ಯಾಡ" ಎಂದು ಶೈಲಾಳ ನಂಬರು ಕೊಟ್ಟು ಕಳಿಸಿದೆ. ಪೂರ್ವಾ ಒಳಗಿನಿಂದ ನಗುತ್ತಿದ್ದಳು, ಹೊಟ್ಟೆಯ ಹೊಲಿಗೆ ಹಿಡಿದುಕೊಂಡು.

ಅಕ್ಟೋಬರ್ 19, ಭಾನುವಾರ. ಸಂಜೆ

ನೀರು ತುಂಬುವ ಹಬ್ಬ. ಹುಣಸೆಹಣ್ಣು ಹಚ್ಚಿ ಹಂಡೆ ತಿಕ್ಕಿದವರು ಇವರು, ನನಗೆ ಮುಟ್ಟಲು ಬಿಡಲಿಲ್ಲ. ಥಳಥಳ. ಹಂಡೆಗೆ ಸುಣ್ಣ, ಕುಂಕುಮ. ಕೊರಳಿಗೆ ಕಟ್ಟುವ ಹಿಂಡಲಕಾಯಿಯ ಬಳ್ಳಿ ಎಲ್ಲಿಂದ ತರಲಿ ಪುಣೆಯಲ್ಲಿ? ಚೆಂಡು ಹೂವಿನ ಮಾಲೆಯೇ ಆಯಿತು. ಗೀಸರಿನ ನೀರೇ ತುಂಬಿದ್ದು. ಆರತಿ ಮಾಡಿದೆ.

ಹೊಕ್ಕಳು ಉದುರಿ, ಒಣಗಿದೆ. ನಾಳೆ ನರಕ ಚತುರ್ದಶಿ, ಎಲ್ಲರಿಗೂ ಎಣ್ಣೆ ನೀರು. ಅಂಬಾಳ ಮೊದಲ ಜಳಕವೂ ನಾಳೆ.

ಊಟವಾದ ಮೇಲೆ ಪೂರ್ವಾ ಕರೆದಳು. "ಅಮ್ಮಾ, ನಾಳೆ ನೀನೇ ಎರಿ."

"ನಿನಗ ಹೆದರಿಕಿ ಇಲ್ಲೇನು?"

"ಅದ. ಅದಕ್ಕ ಗೌರಾಬಾಯಿ ಬಾಜೂಕ ಇರ್ತಾಳ. ನಾ ಕುರ್ಚಿ ಹಾಕ್ಕೊಂಡು ಬಾಗಿಲದಾಗ ಕೂಡ್ತೀನಿ. ಅಪ್ಪಾ ಹೇಳ್ಯಾನ, ನೀ ಎಷ್ಟು ಪಾಕೀಟು ಹಿಟ್ಟು ಸಾಕಿ ಬೆಳಸೀ ಅಂತ."

ಹೆದರಿಕೆ ನನಗೂ ಇದೆ. ಹೇಳಲಿಲ್ಲ. ಈಗ ಇವರು ಎಣ್ಣೆ ಬಿಸಿ ಮಾಡುತ್ತಿದ್ದಾರೆ, ನನ್ನ ಬೆನ್ನಿಗೆ.

ಅಕ್ಟೋಬರ್ 20, ಸೋಮವಾರ. ನರಕ ಚತುರ್ದಶಿ

ಆಯಿತು. ಆಯಿತು. ಆಯಿತು.

ಬೆಳಿಗ್ಗೆ ನಡುಮನೆಯಲ್ಲಿ ಅಡ್ಡಾಡಿ ಮೈ ಬಿಸಿ ಮಾಡಿಕೊಂಡೆ. ಮಣೆ. ಗೋಡೆ. ಟವಲು. ಗೌರಾಬಾಯಿ ಕೂಸನ್ನು ನನ್ನ ಕಾಲ ಮೇಲೆ ಇಟ್ಟಳು. ಒಂದು ಕೈ ಅವಳು ದೂರ ಸರಿಸಲೇ ಇಲ್ಲ, ನಾನೂ ಬೇಡ ಅನ್ನಲಿಲ್ಲ. ಎಣ್ಣೆ ಹಚ್ಚಿದೆ. ಎದೆ, ತೋಳು, ಬೆನ್ನು. ನನ್ನ ಕೈಗೆ ಶೈಲಾಳ ಕೈ ಬಂದಿತ್ತು. ಒತ್ತದೆ, ಅವಸರ ಮಾಡದೆ, ಕಾಯುತ್ತ. ಇವರು ಹಂಡೆಯಿಂದ ತಂಬಿಗೆ ತುಂಬಿ ಕೊಟ್ಟರು, ಗೌರಾಬಾಯಿ ನೀರು ಹಾಕಿದಳು. ನೀರು ಬಿದ್ದದ್ದೇ ಅಂಬಾ ಕಿರುಚಿ, ಎರಡೂ ಕಾಲಿಂದ ನನ್ನ ಎಡತೊಡೆಗೆ ಒದ್ದಳು.

ಉಸಿರು ಹಿಡಿದೆ. ಕಾಯ್ದೆ. ಪೂರ್ವಾಳೂ ಬಾಗಿಲಲ್ಲಿ ಉಸಿರು ಹಿಡಿದಿದ್ದಳು.

ಬರಲಿಲ್ಲ. ಏನೂ ಬರಲಿಲ್ಲ. ಬರೀ ಕೂಸಿನ ಒದೆ.

"ನೋಯ್ತೇನು ಅಮ್ಮಾ?" ಎಂದಳು ಪೂರ್ವಾ. ಬಾಯಿ ತೆರೆದರೆ ಅಳು ಬರುತ್ತಿತ್ತು. ತಲೆ ಅಲ್ಲಾಡಿಸಿದೆ.

ಈಗ ಕೋಣೆಯಲ್ಲಿ, ಚಾಪೆಯ ಮೇಲೆ, ಗೋಡೆಗೆ ಒರಗಿ. ಮೊದಲ ಸಲ ನೆಲದ ಮೇಲೆ ಕೂತು ಬರೆಯುತ್ತಿದ್ದೇನೆ. ಲೋಬಾನದ ಹೊಗೆ ಇನ್ನೂ ಇದೆ. ಅಂಬಾ ನನ್ನ ಕಾಲ ಮೇಲೆಯೇ ನಿದ್ದೆ ಹೋಗಿದ್ದಾಳೆ. ಪೂರ್ವಾಳೂ ಮಲಗಿದ್ದಾಳೆ. ಎಡಗಾಲು ಜುಂ ಎನ್ನುತ್ತಿದೆ. ಮತ್ತೆ ಅದೇನಾ? ಅಲ್ಲ. ಬೆರಳು ಆಡಿಸಿ ನೋಡಿದೆ, ಆಡುತ್ತವೆ. ಇದು ಬರೀ ಜೋಮು. ಮೊಮ್ಮಗಳ ಭಾರದ್ದು.

ಇವರು ಬಾಗಿಲಲ್ಲಿ ಇಣುಕಿ, ಕೂಸನ್ನು ತೊಟ್ಟಿಲಿಗೆ ಹಾಕಲೇ ಎಂದು ಸನ್ನೆ ಮಾಡಿದರು. ಬೇಡ ಎಂದೆ. ಇರಲಿ. ಹಿಡಿಯಲಿ ಜೋಮು. ಇವಳು ಏಳುವ ತನಕ ನಾನು ಈ ಕಾಲು ಅಲ್ಲಾಡಿಸುವುದಿಲ್ಲ.